ಅಟ್ಟದ ಲೆಕ್ಕ

ಅಮ್ಮಸಂದ್ರದ ಸೋದರಮಾವನ ಮನೆಯಲ್ಲಿ ಕೊಟ್ಟಿಗೆಯ ಮೇಲೊಂದು ಅಟ್ಟ. ಬೇಸಿಗೆ ರಜೆಗೆ ಹೋದರೆ ಅಲ್ಲಿ ನನಗೊಂದು ಕೆಲಸ ಕಾದಿರುತ್ತಿತ್ತು. ಮಾವ ಏಣಿ ಹತ್ತಿ ಕಾಯಿ ಇಳಿಸುತ್ತಿದ್ದರು, ನಾನು ಕೆಳಗೆ ನಿಂತು ರಾಶಿ ಹಾಕಬೇಕು. ಸಿಪ್ಪೆ ಸಮೇತ ಅಟ್ಟ ಸೇರಿದ ತೆಂಗಿನಕಾಯಿ ಒಂಬತ್ತು ತಿಂಗಳೋ ವರ್ಷವೋ ಅಲ್ಲೇ ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ತಿಪಟೂರಿನ ಉಂಡೆಕೊಬ್ಬರಿ ಹುಟ್ಟುವುದು ಹೀಗೆ, ಅಟ್ಟದ ಕತ್ತಲಲ್ಲಿ.

ಒಂದೇ ದಿನ ಅಟ್ಟ ಸೇರಿದ ಕಾಯಿಗಳೆಲ್ಲ ಒಂದೇ ದಿನ ಕೊಬ್ಬರಿಯಾಗುವುದಿಲ್ಲ. ಅದಕ್ಕೇ ಮಾವ ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಡಲೊಡ ಅಂದರೆ ಉಂಡೆ ಬಿಟ್ಟಿದೆ, ಕೆಳಕ್ಕೆ. ಗುಳುಕ್ ಅಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಕೈ ಸೋತು ಒಮ್ಮೆ ಕೇಳಿದ್ದೆ: “ಹತ್ತು ನೋಡಿದ್ರೆ ಸಾಕಲ್ವಾ ಮಾವ? ಎಲ್ಲಾ ಒಂದೇ ಸಲ ಹಾಕಿದ್ದು ತಾನೆ?” ಮಾವ ಕಿವಿಯಿಂದ ಕಾಯಿ ತೆಗೆಯದೆ ಹೇಳಿದ್ದರು: “ಮಂಡಿಯೋನು ರಾಶಿ ನೋಡಿ ರೇಟು ಕೂಗ್ತಾನೆ. ನಾವು ಒಂದೊಂದನ್ನೇ ಕೇಳ್ಬೇಕು ಕಣೋ.”

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರ ಎಂದರೆ ಹೊರಗಿನವರಿಗೆ ನೆನಪಾಗುವುದು ಸಿಮೆಂಟು. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್‌ನ ಕಾರ್ಖಾನೆ ಎದ್ದದ್ದು ಇಲ್ಲೇ. ಕಾರ್ಖಾನೆ ಸೇರಿದವರಿಗೆ ಪಿಎಫ್ ಇತ್ತು. ಮಾವ ಬೆಳಗಿನ ರೈಲು ಹಿಡಿದು ತಿಪಟೂರಿಗೆ ಹೋಗಿ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರಿಗೆ ಪಿಎಫೂ ಇಲ್ಲ, ಪಿಂಚಣಿಯೂ ಇಲ್ಲ. ಇದ್ದದ್ದು ಜೀವಮಾನದ ಉಳಿತಾಯ ಮತ್ತು 60 ತೆಂಗಿನ ಮರ.

1996ರಲ್ಲಿ, 58ನೇ ವಯಸ್ಸಿಗೆ, ಮಾವ ಕೆಲಸ ಬಿಟ್ಟರು. ಬಿಡುವ ಮುನ್ನ ಕ್ಯಾಲೆಂಡರ್ ಹಾಳೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದರು. ಆ ಹಾಳೆ ಈಗ ನನ್ನ ಹತ್ತಿರವಿದೆ. ಗುಮಾಸ್ತರ ದುಂಡು ಅಕ್ಷರ: ಅಸಲು 4,00,000. ಬಡ್ಡಿ 12. ವರ್ಷಕ್ಕೆ 48,000. ತಿಂಗಳಿಗೆ 4,000. ಮನೆ ಖರ್ಚು 3,000. ಉಳಿಕೆ 1,000. ಅದರ ಕೆಳಗೆ ಸಣ್ಣದಾಗಿ: ಅಪ್ಪ ಹೋಗಿದ್ದು 62ಕ್ಕೆ. ನನಗೆ 70 ಅಂದರೂ ಇನ್ನು 12 ವರ್ಷ. ಆಮೇಲೆ ಎರಡು ಗೀಟೆಳೆದು ಒಂದೇ ಮಾತು: ಸಾಕು.

ಕೂಡಿದ್ದರಲ್ಲಿ, ಭಾಗಿಸಿದ್ದರಲ್ಲಿ ಒಂದು ತಪ್ಪೂ ಇಲ್ಲ. ಆದರೆ 2004ರ ಹೊತ್ತಿಗೆ ಬ್ಯಾಂಕಿನ ಠೇವಣಿ ಬಡ್ಡಿ ಶೇ. 6ರ ಆಸುಪಾಸಿಗೆ ಇಳಿದು, 4,000 ಬರುತ್ತಿದ್ದಲ್ಲಿ 2,000 ಬರತೊಡಗಿತು. 3,000ದಲ್ಲಿ ತೂಗುತ್ತಿದ್ದ ಮನೆಗೆ 5,000 ಬೇಕಾಯಿತು. ಮಾವ 70ಕ್ಕೆ ಹೋಗಲಿಲ್ಲ. 2019ರಲ್ಲಿ, 81 ತುಂಬಿದ ಮೇಲೆ ತೀರಿಕೊಂಡರು. 12 ವರ್ಷಕ್ಕೆಂದು ಕಟ್ಟಿದ ಗಂಟು 23 ವರ್ಷ ನಡೆಯಬೇಕಾಯಿತು.

ಆ ಹಾಳೆಯಲ್ಲಿ ಇರಬೇಕಾಗಿದ್ದ ಒಂದು ಸಂಖ್ಯೆಯನ್ನು, ಮಾವ ಲೆಕ್ಕ ಬರೆಯುವ ಎರಡು ವರ್ಷ ಮೊದಲು, ಅಮೆರಿಕದಲ್ಲಿ ಒಬ್ಬರು ಕಂಡುಕೊಂಡಿದ್ದರು. ಅವರೂ ಮಾವನ ಹಾಗೆಯೇ ಒಂದೊಂದನ್ನೇ ಕಿವಿಗೆ ಹಿಡಿದು ಕೇಳಿದವರು. ಆ ಕತೆಗೆ ಮುಂಚೆ ಇನ್ನೊಂದು ಹಳೆಯ ಕತೆಯಿದೆ.

*

ಬಡ್ಡಿಯ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಅವಧಿ ಬೆರೆತ ಲೆಕ್ಕಗಳು ಸಾಲುಸಾಲಾಗಿವೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಬಡ್ಡಿ ಇಷ್ಟು, ಕಾಲ ಇಷ್ಟು ಎಂದು ಮೊದಲೇ ಕೊಟ್ಟುಬಿಟ್ಟರೆ ಉಳಿದದ್ದನ್ನು ನಮ್ಮವರು ಸಾವಿರ ವರ್ಷದಿಂದ ಬಿಡಿಸುತ್ತ ಬಂದಿದ್ದಾರೆ. ಮುಪ್ಪಿನ ಲೆಕ್ಕದಲ್ಲಿ ಆ ಎರಡನ್ನೂ ಯಾರೂ ಕೊಡುವುದಿಲ್ಲ. ಇನ್ನೆಷ್ಟು ವರ್ಷ ಬದುಕುತ್ತೇನೆ? ಆ ವರ್ಷಗಳಲ್ಲಿ ದುಡ್ಡು ಹೇಗೆ ನಡೆದುಕೊಳ್ಳುತ್ತದೆ?

ಮೊದಲ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಒಬ್ಬರು ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿ. ಆಗ ಇಂಗ್ಲೆಂಡಿನ ಸರ್ಕಾರ ಯುದ್ಧಕ್ಕೆ ಹಣವೆತ್ತಲು ವರ್ಷಾಶನ ಮಾರುತ್ತಿತ್ತು. ಇಡಿಗಂಟು ಒಮ್ಮೆ ಕೊಟ್ಟರೆ ಬದುಕಿರುವವರೆಗೆ ವರ್ಷವರ್ಷ ಇಷ್ಟೆಂದು ವಾಪಸ್. ತಮಾಷೆಯೆಂದರೆ ಹತ್ತರ ಹುಡುಗನಿಗೂ ಅರವತ್ತರ ಮುದುಕನಿಗೂ ಒಂದೇ ಬೆಲೆ. ಎಷ್ಟು ವಯಸ್ಸಿನವರು ಇನ್ನೆಷ್ಟು ವರ್ಷ ಬದುಕುತ್ತಾರೆ ಎಂಬ ಪಟ್ಟಿ ಅವರ ಬಳಿ ಇರಲಿಲ್ಲ.

ಪಟ್ಟಿಗೆ ಬೇಕಾದ ಸರಕು ಸಿಕ್ಕಿದ್ದು ಬ್ರೆಸ್ಲೌ ಎಂಬ ಊರಿನಲ್ಲಿ. ಇವತ್ತು ಅದು ಪೋಲೆಂಡಿನ ವ್ರೋತ್ಸ್ವಾಫ್. ಅಲ್ಲಿನ ಪಾದ್ರಿ ಕಾಸ್ಪರ್ ನ್ಯೂಮನ್ 1687ರಿಂದ 1691ರವರೆಗಿನ ಹುಟ್ಟು–ಸಾವುಗಳನ್ನು, ಸತ್ತವರ ವಯಸ್ಸಿನ ಸಮೇತ ದಾಖಲಿಸಿಟ್ಟಿದ್ದರು. ಆ ಕಾಗದಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಬಂದವು. ಹ್ಯಾಲಿ ಅವನ್ನು ಹರಡಿಕೊಂಡು ಕೂತು, 1693ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಶೇ. 6 ಬಡ್ಡಿ ಎಂದಿಟ್ಟುಕೊಂಡರೆ, ಹತ್ತರ ಹುಡುಗನಿಗೆ ಬದುಕಿಡೀ ವರ್ಷಕ್ಕೆ 1 ಪೌಂಡು ಕೊಡಲು 13.44 ಪೌಂಡು ಬೇಕು. ಅರವತ್ತರವರಿಗೆ 7.6 ಸಾಕು.

ಆ 7.6 ಅನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 60 ತುಂಬಿದವರಿಗೆ ವರ್ಷದ ಖರ್ಚಿನ 7.6 ಪಟ್ಟು ಇದ್ದರೆ ಕೊನೆಯವರೆಗೆ ಸಾಕು ಎಂದಿತು 1693ರ ಲೆಕ್ಕ. ಇಷ್ಟು ಕಡಿಮೆಯಲ್ಲಿ ಅದು ನಡೆಯುತ್ತಿದ್ದದ್ದಕ್ಕೆ ಮೂರು ಕಾರಣ. ಆಯಸ್ಸು ಗಿಡ್ಡ. ಬೆಲೆಯೇರಿಕೆ ಎಂಬುದು ಲೆಕ್ಕದೊಳಗೇ ಇಲ್ಲ. ಮೂರನೆಯದು ದೊಡ್ಡದು: ಇದು ಗುಂಪಿನ ಲೆಕ್ಕ. ಬೇಗ ಸತ್ತವರ ದುಡ್ಡು ಗುಂಪಿನಲ್ಲೇ ಉಳಿದು ಹೆಚ್ಚು ಬದುಕಿದವರನ್ನು ಸಾಕುತ್ತದೆ. ಇಂಗ್ಲೆಂಡಿನ ಸರ್ಕಾರವಂತೂ ಹ್ಯಾಲಿಯ ಪಟ್ಟಿಯನ್ನು ಕಿವಿಗೆ ಹಾಕಿಕೊಳ್ಳದೆ ಒಂದೇ ಬೆಲೆಗೆ ಮಾರುತ್ತ ಹೋಯಿತು.

ಕಿವಿಗೆ ಹಾಕಿಕೊಂಡವರು ಸ್ಕಾಟ್ಲೆಂಡಿನ ಇಬ್ಬರು ಪಾದ್ರಿಗಳು, ಅಲೆಕ್ಸಾಂಡರ್ ವೆಬ್‌ಸ್ಟರ್ ಮತ್ತು ರಾಬರ್ಟ್ ವ್ಯಾಲೇಸ್. ಗಣಿತಜ್ಞ ಕಾಲಿನ್ ಮೆಕ್ಲಾರಿನ್ ನೆರವಿನಿಂದ 1744ರಲ್ಲಿ ಅವರು ಪಾದ್ರಿಗಳ ವಿಧವೆಯರಿಗಾಗಿ ಒಂದು ನಿಧಿ ಕಟ್ಟಿದರು. 1765ಕ್ಕೆ ನಿಧಿಯಲ್ಲಿ 58,348 ಪೌಂಡು ಇರುತ್ತದೆ ಎಂದು ಎರಡು ದಶಕ ಮೊದಲೇ ಬರೆದಿಟ್ಟರು. ಆ ವರ್ಷ ಎಣಿಸಿದಾಗ ಇದ್ದದ್ದು 58,347. ಇದೇ ದಾರಿಯಲ್ಲಿ ನಮ್ಮ ಮೈಸೂರು ಸಂಸ್ಥಾನವೂ 1891ರಲ್ಲಿ ತನ್ನ ನೌಕರರಿಗೆ ಸರ್ಕಾರಿ ವಿಮೆ ತಂದಿತು. ಇವತ್ತು ಸರ್ಕಾರಿ ನೌಕರರ ಬಾಯಲ್ಲಿರುವ ಕೆಜಿಐಡಿ ಅದರ ಮುಂದುವರಿಕೆ.

ಯಾವ ಪಾದ್ರಿ ಯಾವಾಗ ಸಾಯುತ್ತಾನೆ ಎಂದು ವೆಬ್‌ಸ್ಟರ್‌ಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನೂರಾರು ಜನ ಸೇರಿದರೆ ಸರಾಸರಿ ನಿಜವಾಗುತ್ತದೆ. ಮಾವ ಒಬ್ಬರೇ ಇದ್ದರು. ಒಬ್ಬರ ಲೆಕ್ಕದಲ್ಲಿ ಸರಾಸರಿ ಹೇಗೆ ಕೈಕೊಡುತ್ತದೆ ನೋಡಿ. ಭಾರತೀಯರ ಸರಾಸರಿ ಆಯಸ್ಸು 70ರ ಹತ್ತಿರ ಎಂದು ಕೇಳಿ, 60ಕ್ಕೆ ನಿವೃತ್ತನಾದವ ‘ಇನ್ನು ಹತ್ತು ವರ್ಷ’ ಎಂದುಕೊಳ್ಳುತ್ತಾನೆ. ಆ 70 ಹುಟ್ಟಿದ ಕೂಸಿನ ಲೆಕ್ಕ. ಅದರಲ್ಲಿ ತೊಟ್ಟಿಲಲ್ಲೇ ಹೋದವರೂ ಸೇರಿದ್ದಾರೆ. 60 ದಾಟಿದವರಿಗೆ ಸರಾಸರಿ ಇನ್ನೂ ಸುಮಾರು 18 ವರ್ಷವಿದೆ. ಅದೂ ಸರಾಸರಿಯೇ, ಎಂದರೆ ಬಹಳ ಜನ ಅದನ್ನೂ ದಾಟಿ ಹೋಗುತ್ತಾರೆ. ಮಾವ ದಾಟಿದರು.

*

ಎರಡನೇ ಪ್ರಶ್ನೆಯ ಕತೆ ಕ್ಯಾಲಿಫೋರ್ನಿಯಾದ್ದು. ವಿಲಿಯಂ ಬೆಂಗನ್ ಓದಿದ್ದು ವಿಮಾನ ಮತ್ತು ವ್ಯೋಮಯಾನದ ಎಂಜಿನಿಯರಿಂಗ್. 1969ರಲ್ಲಿ ಎಂಐಟಿಯಿಂದ ಪದವಿ. ಮಾದರಿ ರಾಕೆಟ್‌ಗಳ ಬಗ್ಗೆ ಗೆಳೆಯರ ಜೊತೆ ಸೇರಿ ಒಂದು ಪುಸ್ತಕವನ್ನೇ ಬರೆದವರು. ಆದರೆ ರಾಕೆಟ್ ಹಾರಿಸುವ ಬದಲು ನ್ಯೂಯಾರ್ಕಿನಲ್ಲಿ ಮನೆಯವರ ತಂಪು ಪಾನೀಯ ಬಾಟಲಿ ತುಂಬುವ ವ್ಯಾಪಾರಕ್ಕಿಳಿದರು. 1987ರಲ್ಲಿ ಆ ವ್ಯಾಪಾರ ಮಾರಾಟವಾದ ಮೇಲೆ ದೇಶದ ಇನ್ನೊಂದು ತುದಿಗೆ ಬಂದು, ಜನರಿಗೆ ಹಣಕಾಸಿನ ಸಲಹೆ ಕೊಡುವ ವೃತ್ತಿ ಹಿಡಿದರು.

ನಿವೃತ್ತಿಯ ಅಂಚಿನಲ್ಲಿದ್ದವರು ಬಂದು ಅವರನ್ನು ಕೇಳುತ್ತಿದ್ದದ್ದು ಒಂದೇ: “ಇಷ್ಟು ಗಂಟಿದೆ. ವರ್ಷಕ್ಕೆ ಎಷ್ಟು ತೆಗೆದರೆ ಸಾಯುವವರೆಗೆ ಮುಗಿಯುವುದಿಲ್ಲ?” ಅಂದಿನ ರೂಢಿಯ ಉತ್ತರ ಸುಲಭವಾಗಿತ್ತು. ಷೇರುಗಳು ದೀರ್ಘಕಾಲದಲ್ಲಿ ಸರಾಸರಿ ಶೇ. 10ರಷ್ಟು ಬೆಳೆದಿವೆ, ಸರ್ಕಾರಿ ಬಾಂಡುಗಳು ಶೇ. 5ರಷ್ಟು. ಬೆರೆಸಿಟ್ಟರೆ ಶೇ. 8. ಬೆಲೆಯೇರಿಕೆಗೆಂದು ಶೇ. 3 ಬಿಟ್ಟರೆ ಉಳಿದ ಶೇ. 5 ಅನ್ನು ನಿಶ್ಚಿಂತೆಯಿಂದ ತೆಗೆಯಬಹುದು. ಕೇಳಲು ಚೆನ್ನಾಗಿದೆ. ಮಾವನ ಕ್ಯಾಲೆಂಡರ್ ಹಾಳೆಗಿಂತ ಇದು ಒಂದು ಹೆಜ್ಜೆ ಮುಂದೆ, ಏಕೆಂದರೆ ಬೆಲೆಯೇರಿಕೆಗೆ ಜಾಗವಿದೆ.

ಎಂಜಿನಿಯರ್ ಮನಸ್ಸಿಗೆ ಇದು ಒಪ್ಪಲಿಲ್ಲ. ಸರಾಸರಿ ಗಾಳಿಗೆಂದು ಕಟ್ಟಿದ ವಿಮಾನವನ್ನು ಯಾರೂ ಹತ್ತುವುದಿಲ್ಲ. ಅತಿ ಕೆಟ್ಟ ಗಾಳಿಯಲ್ಲಿ ರೆಕ್ಕೆ ತಡೆಯುತ್ತದೆಯೇ ಎಂದು ನೋಡಬೇಕು. ಬೆಂಗನ್ 1926ರಿಂದೀಚಿನ ಅಮೆರಿಕದ ಷೇರು, ಬಾಂಡು, ಬೆಲೆಯೇರಿಕೆಯ ವರ್ಷವಾರು ಅಂಕಿಗಳನ್ನು ತೆಗೆದುಕೊಂಡರು. ಇಬಟ್ಸನ್ ಎಂಬ ಸಂಸ್ಥೆ ಅವನ್ನು ಸಂಗ್ರಹಿಸಿ ಪ್ರಕಟಿಸುತ್ತಿತ್ತು. ಆಮೇಲೆ ಅವರು ಮಾಡಿದ್ದು, ಈಗ ಹೇಳಿದರೆ ‘ಅಷ್ಟೇನಾ’ ಅನ್ನಿಸುವ ಕೆಲಸ. 1926ರಲ್ಲಿ ಒಬ್ಬ ನಿವೃತ್ತನಾದ ಎಂದುಕೊಂಡರು. ಅವನ ಗಂಟಿನ ಅರ್ಧವೋ ಮುಕ್ಕಾಲೋ ಷೇರಿನಲ್ಲಿ, ಉಳಿದದ್ದು ಬಾಂಡಿನಲ್ಲಿ. ಮೊದಲ ವರ್ಷ ಅವನು ಇಷ್ಟು ತೆಗೆದ. ಮುಂದಿನ ವರ್ಷ ಬೆಲೆ ಎಷ್ಟು ಏರಿತೋ ಅಷ್ಟು ಹೆಚ್ಚಿಸಿ ತೆಗೆದ. ಆ ಗಂಟು ಎಷ್ಟು ವರ್ಷ ಬಾಳಿತು? ಅವನದು ಮುಗಿದ ಮೇಲೆ 1927ರವನು, ಅವನಾದ ಮೇಲೆ 1928ರವನು. ಹೀಗೆ ಐವತ್ತು ವರ್ಷಗಳ ನಿವೃತ್ತರನ್ನು ಒಬ್ಬೊಬ್ಬರನ್ನಾಗಿ ಅಲ್ಲಾಡಿಸಿ ನೋಡಿದರು. ಯಾವುದರಲ್ಲಿ ಉಂಡೆ ಬಿಟ್ಟಿದೆ, ಯಾವುದರಲ್ಲಿ ನೀರಿದೆ?

ಮೂರು ಕಡೆ ‘ಗುಳುಕ್’ ಎಂದಿತು. ರಾಕೆಟ್‌ನ ಹಳೆಯ ಹುಚ್ಚಿನ ಬೆಂಗನ್ ಆ ಮೂರು ಕೆಟ್ಟ ಕಾಲಗಳಿಗೆ ಆಕಾಶದ ಹೆಸರಿಟ್ಟರು. 1929ರಿಂದ 31ರ ಮಹಾಕುಸಿತ ಒಂದು, 1937ರಿಂದ 41ರದ್ದು ಇನ್ನೊಂದು, ಮೂರನೆಯದಾದ 1973–74ರದ್ದು ‘ಬಿಗ್ ಬ್ಯಾಂಗ್’.

ಇವುಗಳಲ್ಲಿ ಅತಿ ಕ್ರೂರ ಯಾವುದು ಎಂದರೆ ಯಾರಾದರೂ 1929 ಅಂದಾರು. ಆಗ ಷೇರುಗಳು ಶೇ. 61ರಷ್ಟು ನೆಲಕಚ್ಚಿದ್ದವು. 1973–74ರಲ್ಲಿ ಬಿದ್ದದ್ದು ಶೇ. 37.2 ಮಾತ್ರ. ಆದರೂ ನಿವೃತ್ತರ ಗಂಟನ್ನು ಹೆಚ್ಚು ತಿಂದದ್ದು ಎರಡನೆಯದೇ. ಗುಟ್ಟು ಅಂಗಡಿ ಸಾಮಾನಿನ ಬೆಲೆಯಲ್ಲಿತ್ತು. 1929ರ ಕುಸಿತದಲ್ಲಿ ಬೆಲೆಗಳೂ ಶೇ. 15.8ರಷ್ಟು ಇಳಿದವು, ಗಂಟು ಕರಗಿದರೂ ಹೊಟ್ಟೆಗೆ ಬೇಕಾದ ದುಡ್ಡೂ ಕಡಿಮೆಯಾಯಿತು. 1973–74ರಲ್ಲಿ ಷೇರು ಬೀಳುತ್ತಿರುವಾಗಲೇ ಬೆಲೆಗಳು ಶೇ. 22.1ರಷ್ಟು ಏರಿದವು. ಒಂದು ಕಡೆ ಕೆರೆ ಬತ್ತುತ್ತಿದೆ, ಇನ್ನೊಂದು ಕಡೆ ಕೊಡ ದೊಡ್ಡದಾಗುತ್ತಿದೆ. 1960ರ ದಶಕದ ಕೊನೆಯ ಹೊತ್ತಿಗೆ ಕೆಲಸ ಬಿಟ್ಟಿದ್ದವರು ಈ ಸುಳಿಗೆ ನೇರವಾಗಿ ಸಿಕ್ಕಿದರು.

1994ರ ಅಕ್ಟೋಬರ್‌ನಲ್ಲಿ ‘ಜರ್ನಲ್ ಆಫ್ ಫೈನಾನ್ಶಿಯಲ್ ಪ್ಲಾನಿಂಗ್’ ಪತ್ರಿಕೆಯಲ್ಲಿ ಬೆಂಗನ್ ತಮ್ಮ ಫಲಿತಾಂಶ ಅಚ್ಚು ಹಾಕಿಸಿದರು. ಅದೇ ವರ್ಷದ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ಲ್ಯಾರಿ ಬಿಯರ್‌ವರ್ತ್ ಎಂಬುವರು ಹಳೆಯ ಅಂಕಿಗಳನ್ನು ಹೀಗೆ ಬಳಸುವ ದಾರಿ ತೋರಿಸಿದ್ದರು; ಆ ಋಣವನ್ನು ಬೆಂಗನ್ ಮುಚ್ಚಿಡಲಿಲ್ಲ. ಫಲಿತಾಂಶ ಹೀಗಿತ್ತು. ಸರಾಸರಿ ಹೇಳಿದ ಶೇ. 5 ತೆಗೆದವರಲ್ಲಿ ಕೆಲವರ ಗಂಟು ಇಪ್ಪತ್ತೇ ವರ್ಷಕ್ಕೆ ಬರಿದಾಯಿತು. ಮೊದಲ ವರ್ಷ ಶೇ. 4 ತೆಗೆದು, ಆಮೇಲೆ ಬೆಲೆಯೇರಿಕೆಯಷ್ಟೇ ಹೆಚ್ಚಿಸುತ್ತ ಹೋದವರಲ್ಲಿ ಒಬ್ಬರದೂ 33 ವರ್ಷಕ್ಕೆ ಮುಂಚೆ ಮುಗಿಯಲಿಲ್ಲ.

ಶೇ. 4 ಎಂದರೆ ನೂರರಲ್ಲಿ ನಾಲ್ಕು, ತಿರುಗಿಸಿದರೆ 25 ಪಟ್ಟು. ವರ್ಷದ ಖರ್ಚನ್ನು 25ರಿಂದ ಗುಣಿಸಿದರೆ ಬರುವುದು ಬೇಕಾದ ಗಂಟು. ಹ್ಯಾಲಿಯ 7.6ರಿಂದ ಬೆಂಗನ್ನರ 25ಕ್ಕೆ ಬರಲು ಮುನ್ನೂರು ವರ್ಷ ಹಿಡಿಯಿತು. ಆಯಸ್ಸು ಉದ್ದವಾಯಿತು, ಬೆಲೆ ಏರಲು ಕಲಿಯಿತು, ಗುಂಪಿನಲ್ಲಿದ್ದವರು ಒಂಟಿಯಾದರು. ಈ ಮೂರಕ್ಕೂ ಕೊಟ್ಟ ಬೆಲೆ ಅದು.

*

ಸರಾಸರಿ ಏಕೆ ಸುಳ್ಳು ಹೇಳಿತು? ಇದನ್ನು ನಮ್ಮ ಕಡೆಯ ಒಂದು ಹಿಸ್ಸೆಯ ಲೆಕ್ಕದಲ್ಲಿ ನೋಡೋಣ. ಅಣ್ಣ ತಮ್ಮ ಇಬ್ಬರಿಗೆ ತಲಾ 20 ಲಕ್ಷ ಬಂತು. ಇಬ್ಬರೂ ಪ್ರತಿವರ್ಷ ಯುಗಾದಿಗೆ 2 ಲಕ್ಷ ತೆಗೆದು ಉಳಿದದ್ದನ್ನು ಹೂಡುತ್ತಾರೆ. ಅಣ್ಣನಿಗೆ ಐದು ವರ್ಷದ ಫಲ ಹೀಗೆ: ಮೊದಲ ವರ್ಷ ಶೇ. 20 ನಷ್ಟ, ಎರಡನೇ ವರ್ಷ 10 ನಷ್ಟ, ಆಮೇಲೆ 10, 20, 30 ಲಾಭ. ತಮ್ಮನಿಗೂ ಇವೇ ಐದು ಸಂಖ್ಯೆ, ಸರದಿ ಮಾತ್ರ ತಿರುಗುಮುರುಗು: 30, 20, 10 ಲಾಭ, ಆಮೇಲೆ 10, 20 ನಷ್ಟ. ಇಬ್ಬರ ಸರಾಸರಿಯೂ ವರ್ಷಕ್ಕೆ ಶೇ. 6.

ಅಣ್ಣ ಮೊದಲ ವರ್ಷ 2 ತೆಗೆದು 18 ಹೂಡಿದ; ವರ್ಷದ ಕೊನೆಗೆ 14.4. ಮತ್ತೆ 2 ತೆಗೆದ, 12.4 ಉಳಿಯಿತು, ಅದು 11.16 ಆಯಿತು. ಲಾಭದ ವರ್ಷಗಳು ಬರುವ ಹೊತ್ತಿಗೆ ಬೆಳೆಯಲು ಗಂಟೇ ಸಣ್ಣದಾಗಿತ್ತು. ಐದನೇ ವರ್ಷದ ಕೊನೆಗೆ ಅವನ ಕೈಲಿ 10 ಲಕ್ಷ. ತಮ್ಮನ 18 ಮೊದಲ ವರ್ಷವೇ 23.4 ಆಯಿತು, ಮೂರನೇ ವರ್ಷಕ್ಕೆ 26 ದಾಟಿತು, ಕೊನೆಯ ಎರಡು ಹೊಡೆತ ತಿಂದ ಮೇಲೂ 15.7 ಲಕ್ಷ ಉಳಿಯಿತು. ಇಬ್ಬರೂ ಒಂದು ರೂಪಾಯಿಯನ್ನೂ ತೆಗೆಯದೆ ಬಿಟ್ಟಿದ್ದರೆ? ಸರದಿ ಯಾವುದಾದರೇನು, ಇಬ್ಬರದೂ ಒಂದೇ: 24.7 ಲಕ್ಷ.

ದುಡಿಯುವ ಕಾಲದಲ್ಲಿ ವರ್ಷಗಳ ಸರದಿ ಅಷ್ಟಾಗಿ ಕಾಡದಿರುವುದೂ, ನಿವೃತ್ತರಾದ ಮೊದಲ ಐದಾರು ವರ್ಷ ಎಲ್ಲವನ್ನೂ ತೀರ್ಮಾನಿಸುವುದೂ ಇದಕ್ಕೇ. ಬೀಳುತ್ತಿರುವ ಗಂಟಿನಿಂದ ಕಿತ್ತ ದುಡ್ಡು ಮತ್ತೆ ಏಳುವುದಿಲ್ಲ. ಸರಾಸರಿ ಊರಿನದು, ಸರದಿ ಮನೆಯದು.

ಅಮ್ಮಸಂದ್ರದ ರೈತನಿಗೆ ಇದನ್ನು ಹೇಳಿಕೊಡಲು ಬೆಂಗನ್ ಬೇಕಾಗಿಲ್ಲ. 2023ರಲ್ಲಿ ಉಂಡೆಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಜಾರಿತ್ತು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. 60 ಮರದ ತೋಟದಿಂದ 6 ಕ್ವಿಂಟಲ್ ಕೊಬ್ಬರಿ ಬಂತು ಎನ್ನಿ. ಒಂದು ವರ್ಷ ಅದು 48,000, ಇನ್ನೊಂದು ವರ್ಷ ಒಂದೂವರೆ ಲಕ್ಷ. ಸರಾಸರಿ ನೋಡಿದರೆ ರೈತ ಸುಖಿ. 2023ರಲ್ಲಿ ಮಗಳ ಮದುವೆ ಇಟ್ಟುಕೊಂಡವನನ್ನು ಕೇಳಿ ನೋಡಿ.

*

ಬೆಂಗನ್ನರ ಸಂಖ್ಯೆಯನ್ನು ಬೇರೆಯವರೂ ಒರೆಗೆ ಹಚ್ಚಿದರು. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಕೂಲಿ, ಹಬ್ಬರ್ಡ್, ವಾಲ್ಜ್ ಎಂಬ ಮೂವರು ಪ್ರಾಧ್ಯಾಪಕರು ಅದನ್ನೇ ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿ, ನೂರಕ್ಕೆ ಎಷ್ಟು ಸಲ ಗಂಟು ಉಳಿಯುತ್ತದೆ ಎಂಬ ಪಟ್ಟಿ ಕೊಟ್ಟರು. ಅದರಿಂದಲೇ ‘ನಾಲ್ಕರ ನಿಯಮ’ ಮನೆಮಾತಾಯಿತು. 2010ರಲ್ಲಿ ವೇಡ್ ಫೌ ಎಂಬ ಅರ್ಥಶಾಸ್ತ್ರಜ್ಞರು 17 ಮುಂದುವರಿದ ದೇಶಗಳ ಹಳೆಯ ಅಂಕಿಗಳ ಮೇಲೆ ಇದೇ ಪ್ರಯೋಗ ಮಾಡಿದಾಗ ಬಹುಪಾಲು ದೇಶಗಳಲ್ಲಿ ನಾಲ್ಕು ನಿಲ್ಲಲಿಲ್ಲ. ಯುದ್ಧದಲ್ಲಿ ಸೋತು ಬೂದಿಯಾದ ಜಪಾನಿನ ನಿವೃತ್ತನಿಗೆ ಅಮೆರಿಕದ ಸಂಖ್ಯೆ ಏನು ಮಾಡೀತು? ಅತ್ತ ಬೆಂಗನ್ ಸುಮ್ಮನೆ ಕೂರಲಿಲ್ಲ. ಗಂಟಿನಲ್ಲಿ ಹೆಚ್ಚು ಬಗೆಯ ಹೂಡಿಕೆ ಬೆರೆಸಿ ಮತ್ತೆ ಮತ್ತೆ ಲೆಕ್ಕ ಹಾಕಿ, 2025ರ ತಮ್ಮ ಪುಸ್ತಕದಲ್ಲಿ ಸಂಖ್ಯೆಯನ್ನು ಶೇ. 4.7ಕ್ಕೆ ಏರಿಸಿದ್ದಾರೆ. ಅದೂ ಅಮೆರಿಕದ ಮಣ್ಣಿನ ಬೆಳೆಯೇ.

ನಮ್ಮಲ್ಲಿ ಬೆಲೆ ಏರುವ ವೇಗ ಹೆಚ್ಚು. ಹಾಗಾಗಿ 25 ಪಟ್ಟಿಗೆ ನಿಲ್ಲದೆ 30ರಿಂದ 33 ಪಟ್ಟು ಎಂದಿಟ್ಟುಕೊಳ್ಳುವುದು ಕ್ಷೇಮ. ಇವತ್ತು ಕೆಲಸ ಬಿಡುವವರ ಮನೆ ಖರ್ಚು ತಿಂಗಳಿಗೆ 25,000 ಎಂದಾದರೆ ವರ್ಷಕ್ಕೆ 3 ಲಕ್ಷ. ಅದರ 25 ಪಟ್ಟು 75 ಲಕ್ಷ, 30 ಪಟ್ಟು 90 ಲಕ್ಷ. ಈಗ 40ರಲ್ಲಿದ್ದು 60ಕ್ಕೆ ಬಿಡುವವರು ಇನ್ನೊಂದು ಮೆಟ್ಟಿಲು ಹತ್ತಬೇಕು. ಬೆಲೆ ವರ್ಷಕ್ಕೆ ಶೇ. 6 ಏರಿದರೆ ಇಪ್ಪತ್ತು ವರ್ಷದಲ್ಲಿ 25,000ದ ಸಂಸಾರ 80,000ದ ಸಂಸಾರವಾಗುತ್ತದೆ. ವರ್ಷಕ್ಕೆ 9.6 ಲಕ್ಷ. 25 ಪಟ್ಟು ಎಂದರೆ 2.4 ಕೋಟಿ, 33 ಪಟ್ಟು ಎಂದರೆ 3 ಕೋಟಿಯ ಮೇಲೆ.

ಇಲ್ಲಿಗೆ ಬಂದವರು ಹಾಳೆ ಮಡಿಸಿ ಎದ್ದುಬಿಡುತ್ತಾರೆ. ಏಳಬೇಡಿ, ಗುಣಿಸುವ ಮೊದಲು ಕಳೆಯುವುದಿದೆ. ದುಡ್ಡು ತೆಗೆಯದೆಯೇ ಮನೆಗೆ ಬರುವುದೆಲ್ಲವನ್ನೂ ಖರ್ಚಿನಿಂದ ಕಳೆಯಿರಿ. ಉಳಿದದ್ದನ್ನು ಮಾತ್ರ ಗುಣಿಸಿ. ಸ್ವಂತ ಸೂರಿದ್ದರೆ ಬಾಡಿಗೆ ಬೇಡ. ಪಿಂಚಣಿಯಿದ್ದರೆ ಅಷ್ಟು ಬೇಡ. ಪಿಎಫ್ ಇದ್ದವರಿಗೆ 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ನೌಕರರ ಪಿಂಚಣಿ ಯೋಜನೆಯಿದೆ. ಅದರ ಸೂತ್ರ ಸರಳ: ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 2014ರಿಂದ ಆ ಸಂಬಳದ ಮಿತಿ 15,000. 35 ವರ್ಷ ದುಡಿದವರಿಗೂ ಆ ಮಿತಿಯೊಳಗೆ ಸಿಗುವುದು ತಿಂಗಳಿಗೆ 7,500. ಬೆಲೆ ಏರಿದಂತೆ ಅದು ಏರುವುದಿಲ್ಲ ಎಂಬುದನ್ನು ಮರೆಯದೆ ಕಳೆಯಿರಿ.

ತೆಂಗಿನ ಮರ ಈ ವಿಷಯದಲ್ಲಿ ಪಿಂಚಣಿಗಿಂತ ಗಟ್ಟಿ. ಉಂಡೆಕೊಬ್ಬರಿಯ ಬೆಂಬಲ ಬೆಲೆ 2014ರಲ್ಲಿ 5,500 ಇದ್ದದ್ದು 2025ಕ್ಕೆ 12,100 ಆಯಿತು, ವರ್ಷಕ್ಕೆ ಶೇ. 7ಕ್ಕೂ ಹೆಚ್ಚಿನ ಏರಿಕೆ. ಹೆತ್ತ ಮಗ ಕೈಬಿಟ್ಟರೂ ಇಟ್ಟ ತೆಂಗು ಕೈಬಿಡಲ್ಲ ಎಂದು ನಮ್ಮ ಕಡೆ ಹೇಳುವುದು ಸುಮ್ಮನಲ್ಲ. ಆದರೆ ಆ ತೆಂಗೂ ಶತಮಾನ ಮಗುಚುವ ಹೊತ್ತಿಗೆ ನುಸಿ ಬಿದ್ದು ಕಾಯಿ ಮುರುಟಿಕೊಂಡಾಗ ಬೆವರಿಳಿಸಿತ್ತು. ಅಂಥ ವರ್ಷ ತಡೆಯಲು ಏನಾದರೂ ಬೇಕು. 1985ರ ಸುಮಾರಿಗೆ ಹೆರಾಲ್ಡ್ ಎವೆನ್ಸ್ಕಿ ಎಂಬ ಅಮೆರಿಕದ ಸಲಹೆಗಾರರು ಇದಕ್ಕೊಂದು ಉಪಾಯ ಹೇಳಿದ್ದರು: ಒಂದೆರಡು ವರ್ಷದ ಖರ್ಚನ್ನು ಏರಿಳಿತವಿಲ್ಲದ ಕಡೆ ಬೇರೆಯಾಗಿ ತೆಗೆದಿಡಿ. ಮಾರುಕಟ್ಟೆ ಬಿದ್ದಾಗ ಅದನ್ನು ತಿನ್ನಿ, ಬಿದ್ದ ಗಂಟಿಗೆ ಕೈ ಹಾಕಬೇಡಿ. ಅವರು ಅದನ್ನು ‘ಬಕೆಟ್’ ಎಂದರು. ನಮ್ಮಲ್ಲಿ ಅದಕ್ಕೆ ಅಟ್ಟ ಎನ್ನುತ್ತಾರೆ. ಅಟ್ಟಕ್ಕೂ ಮಿತಿಯಿದೆ, ಐದು ವರ್ಷ ಇಟ್ಟರೆ ಕೊಬ್ಬರಿ ಹುಳು ಹಿಡಿದು, ಕಮಟು ಹಿಡಿದು ಹಾಳು. ಬಕೆಟ್ಟಿನ ದುಡ್ಡಿಗೂ ಬೆಲೆಯೇರಿಕೆಯ ಹುಳು ಹಾಗೆಯೇ.

*

ಮಾವನ ಹಾಳೆಯನ್ನು ಮೊನ್ನೆ ಮತ್ತೆ ತೆಗೆದೆ. ಹಿಂಬದಿ ತುಂಬಿತ್ತು, ಅಂಚಿನಲ್ಲಿ ಬರೆಯುತ್ತ ಹೋದೆ. ತಿಂಗಳಿಗೆ 3,000 ಎಂದರೆ ವರ್ಷಕ್ಕೆ 36,000. ಅದರ 25 ಪಟ್ಟು 9 ಲಕ್ಷ. ಮಾವನ ಹತ್ತಿರ ಇದ್ದದ್ದು 4 ಲಕ್ಷ, ಅರ್ಧಕ್ಕಿಂತ ಕಡಿಮೆ. ನಾಲ್ಕರ ನಿಯಮದಂತೆ ಅವರು ಮೊದಲ ವರ್ಷ ತೆಗೆಯಬಹುದಾಗಿದ್ದದ್ದು 16,000 ಮಾತ್ರ. ಅವರು ಎಣಿಸಿದ್ದು 48,000.

ಆಮೇಲೆ ಹಾಳೆಯಲ್ಲಿ ಇಲ್ಲದ್ದು ಕಣ್ಣಿಗೆ ಬಿತ್ತು. 60 ಮರವನ್ನು ಮಾವ ಎಲ್ಲೂ ಬರೆದಿರಲಿಲ್ಲ. ಮಂಡಿಯ ಗುಮಾಸ್ತರಿಗೆ ಬ್ಯಾಂಕಿನಲ್ಲಿದ್ದದ್ದು ದುಡ್ಡು, ತೋಟದಲ್ಲಿದ್ದದ್ದು ತೋಟ. ಅವರ ಇನ್ನೊಂದು ಚೀಟಿ ಪುಸ್ತಕದಲ್ಲಿ ಆ ವರ್ಷದ ಕೊಬ್ಬರಿಯ ಲೆಕ್ಕವಿತ್ತು: ಉಳುಮೆ, ಕಾಯಿ ಕೀಳುವ ಕೂಲಿ, ಸುಲಿಯುವ ಕೂಲಿ ಎಲ್ಲ ಕಳೆದು 20,000. ಅದನ್ನು 36,000ದಿಂದ ಕಳೆದೆ. ಉಳಿದದ್ದು 16,000. ಇಪ್ಪತ್ತೈದರಿಂದ ಗುಣಿಸಿದೆ: 4,00,000.

ಎರಡು ಗೀಟಿನ ಕೆಳಗಿನ ‘ಸಾಕು’ ಸರಿಯಾಗಿತ್ತು, ಅದಕ್ಕೆ ಕಾರಣ ಮಾತ್ರ ಹಾಳೆಯ ಹೊರಗಿತ್ತು. 2004ರ ನಂತರ ಮನೆ ನಡೆದದ್ದೂ ಹಾಗೆಯೇ. ಬಡ್ಡಿ ಅರ್ಧಕ್ಕಿಳಿದ ಮೇಲೆ ಮಾವ ಅಸಲಿನಿಂದ ಒಂದಿಷ್ಟು, ಅಟ್ಟದಿಂದ ಒಂದಿಷ್ಟು ಎಂದು ಇಳಿಸುತ್ತ ಹೋದರು. ಧಾರಣೆ ಬಿದ್ದ ವರ್ಷ ಕಾಯಿ ಅಟ್ಟದಲ್ಲೇ ಕೂತಿತು, ಏರಿದ ವರ್ಷ ಬ್ಯಾಂಕಿನ ದುಡ್ಡು ಕೂತಿತು.

ಲೆಕ್ಕ ಸರಿಹೋಯಿತೆಂದು ಪೆನ್ನು ಮುಚ್ಚಿದೆ. ಮುಚ್ಚಿದ ಮೇಲೆ ಹೊಳೆಯಿತು, ಆ 20,000 ಒಂದೇ ವರ್ಷದ್ದು. ಚೀಟಿ ಪುಸ್ತಕ ಮತ್ತೆ ಬಿಚ್ಚಿದೆ. ಮುಂದೊಂದು ಹಾಳೆ ನುಸಿ ಬಿದ್ದ ವರ್ಷದ್ದು. ಒಂದೊಂದನ್ನೇ ಕೇಳಬೇಕು.